ಇ-ರೀಡರ್ ಮೂರು ವರ್ಷ ಬಳಸಿದ್ಮೇಲೆ: ಯಾವ ಪುಸ್ತಕ ಅದ್ರಲ್ಲಿ, ಯಾವ್ದು ಕಾಗದದಲ್ಲಿ

ಆರಿಂಚಿನ ಇ-ಇಂಕ್ ರೀಡರ್, ಅಂದ್ರೆ ಇ-ಬುಕ್ ಓದೋಕೆ ಅಂತಲೇ ಮಾಡಿರೋ, ಕಾಗದದ ಥರ ಕಾಣೋ ಸ್ಕ್ರೀನಿನ ಸಾಧನ, ತಗೊಂಡು ಮೂರು ವರ್ಷ ಆಯ್ತು. ತಗೊಂಡಿದ್ದು ನನಗೋಸ್ಕರ, ಆದ್ರೆ ಅದರಿಂದ ಜಾಸ್ತಿ ಉಪಯೋಗ ಆಗಿದ್ದು ಅಮ್ಮಂಗೆ. ಕಣ್ಣು ಮಂಜಾಗಿ ಅವರು ಓದೋದನ್ನೇ ಬಿಟ್ಬಿಟ್ಟಿದ್ರು, ಕನ್ನಡಕ ಹಾಕ್ಕೊಂಡು ಪುಸ್ತಕಾನ ಲೈಟಿಗೆ ಹಿಡ್ಕೊಂಡು ಎರಡು ಪ್ಯಾರಾ ಓದೋಷ್ಟರಲ್ಲಿ ಕಣ್ಣಲ್ಲಿ ನೀರು. ಒಂದಿನ ಅಕ್ಷರ ದೊಡ್ಡದು ಮಾಡಿ, ಸ್ಕ್ರೀನಿಗೆ ಏಳೆಂಟು ಸಾಲು ಮಾತ್ರ ಬರೋ ಥರ ಇಟ್ಟು ಕೈಗೆ ಕೊಟ್ಟೆ. ಅರ್ಧ ಗಂಟೆ ಬಿಟ್ಟು ಬಂದ್ರೆ ಇನ್ನೂ ಓದ್ತಾ ಕೂತಿದಾರೆ, ಪುಟ ತಿರುಗಿಸೋದನ್ನೂ ತಾವೇ ಕಲ್ತಿದಾರೆ, ತಲೆ ಎತ್ತದೇನೆ "ಇದರ ಚಾರ್ಜ್ ಮುಗಿದ್ರೆ ಎಲ್ಲಿ ಚುಚ್ಚಬೇಕೋ" ಅಂತ ಕೇಳಿದ್ರು. ಈ ಒಂದು ಕಾರಣಕ್ಕೇ ನಾನು ರೀಡರಿಗೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ಮೊಬೈಲಲ್ಲಿ ಓದಿ ಕಣ್ಣು ಉರಿ ಬಂದು ಇ-ಬುಕ್ಕೇ ಬೇಡ ಅನ್ನೋರು ಒಂದ್ಸಲ ಇದನ್ನ ನೋಡಿ. ಇದ್ರಲ್ಲಿ ಬೆಳಕು ಹಿಂದಿಂದ ಕಣ್ಣಿಗೆ ಹೊಡೆಯಲ್ಲ, ಸಣ್ಣ ಸಣ್ಣ ಗುಳಿಗೆಗಳೊಳಗೆ ಕಪ್ಪು ಬಿಳಿ ಕಣಗಳಿರ್ತವೆ, ಕರೆಂಟ್ ಕೊಟ್ಟಾಗ ಮೇಲೆ ಕೆಳಗೆ ಹೋಗಿ ಅಕ್ಷರ ಆಗ್ತವೆ, ಆಮೇಲೆ ಅಲ್ಲೇ ನಿಂತುಬಿಡ್ತವೆ. ಪುಟ ತಿರುಗಿಸುವಾಗ ಮಾತ್ರ ಸ್ಕ್ರೀನಿಗೆ ಕರೆಂಟ್ ಬೇಕು, ಹಾಗಾಗಿ ಒಂದು ಚಾರ್ಜ್ ವಾರಗಟ್ಟಲೆ ಬರುತ್ತೆ. ಬಿಸಿಲಲ್ಲೂ ಆರಾಮಾಗಿ ಓದಬಹುದು.

ಪಿಡಿಎಫ್ ಮಾತ್ರ ಹಿಂಸೆ. ದೊಡ್ಡ ಪುಟಾನ ಆರಿಂಚಿಗೆ ತುರುಕಿದ್ರೆ ಅಕ್ಷರ ಇರುವೆ ಸಾಲಿನ ಥರ ಕಾಣುತ್ತೆ, ನಮ್ಮ ಒತ್ತಕ್ಷರ ಅಂತೂ ಗೊತ್ತೇ ಆಗಲ್ಲ. ಈಪಬ್ ಫೈಲ್ (ಅಕ್ಷರ ದೊಡ್ಡದು ಮಾಡಿದ್ರೆ ಸಾಲುಗಳೂ ಸ್ಕ್ರೀನಿಗೆ ತಕ್ಕಂಗೆ ಹೊಂದ್ಕೊಳ್ಳೋ ಥರದ ಇ-ಬುಕ್ ಫೈಲ್) ಸಿಕ್ರೆ ಮಾತ್ರ ಸುಖ.

ನಾನು ಪಾಠದ ಪುಸ್ತಕ, ಪದೇ ಪದೇ ತೆಗೆದು ನೋಡೋ ಪುಸ್ತಕ ಯಾವ್ದನ್ನೂ ಇದ್ರಲ್ಲಿ ತಗೊಳಲ್ಲ. ಓದಿದ್ದು ನಂಗೆ ಜಾಗದ ಸಮೇತ ನೆನಪಿರುತ್ತೆ, ಎಡಗಡೆ ಪುಟ, ಕೆಳಗಡೆ, ಪೆನ್ಸಿಲ್ ಗೆರೆ ಪಕ್ಕ ಅಂತ. ರೀಡರಲ್ಲಿ ಎಲ್ಲಾ ಪುಟಾನೂ ಒಂದೇ ಜಾಗ, ಸರ್ಚ್ ಇದೆ ನಿಜ, ಆದ್ರೆ ಹುಡುಕೋಕೆ ಪದಾನೇ ನೆನಪಿಲ್ಲದಿದ್ರೆ ಏನ್ ಟೈಪ್ ಮಾಡೋದು? 54 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2018ರಲ್ಲಿ ಬಂತು, ಅದ್ರಲ್ಲೂ ಮಾಹಿತಿ ಇರೋ ಬರಹ ಕಾಗದದಲ್ಲಿ ಓದಿದವರಿಗೇ ಚೆನ್ನಾಗಿ ಅರ್ಥ ಆಗಿತ್ತು, ಬರೀ ಕಥೆ ಓದಿದ್ರೆ ಅಂಥ ವ್ಯತ್ಯಾಸ ಕಾಣ್ಲಿಲ್ಲ. ನನ್ನ ಅನುಭವಾನೂ ಥೇಟ್ ಇದೇ.

ಇನ್ನೊಂದು ವಿಷಯ, ದುಡ್ಡು ಕೊಟ್ಟ ಇ-ಬುಕ್ ಬಹಳಷ್ಟು ಸಲ ನಮ್ಮದಲ್ಲ, ಓದೋಕೆ ಸಿಕ್ಕ ಪರ್ಮಿಷನ್ ಅಷ್ಟೇ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಬುಕ್ ಅಂಗಡಿ ಮುಚ್ಚಿದಾಗ ಜನ ತಗೊಂಡಿದ್ದ ಪುಸ್ತಕಗಳೂ ಹೋದ್ವು. ದುಡ್ಡು ವಾಪಸ್ ಕೊಟ್ರು ಸರಿ, ಪುಸ್ತಕ? ಕಪಾಟಲ್ಲಿರೋದನ್ನ ಯಾರೂ ಹಂಗೆ ತೆಗೆಯೋಕಾಗಲ್ಲ, ಗೆಳೆಯರಿಗೆ ಓದೋಕೂ ಕೊಡಬಹುದು.

ಕಾದಂಬರಿಗೆ, ಪ್ರಯಾಣಕ್ಕೆ, ವಯಸ್ಸಾದ ಕಣ್ಣಿಗೆ ಕಣ್ಮುಚ್ಚಿ ರೀಡರ್ ತಗೊಳ್ಳಿ. ನನ್ನದನ್ನ ಅಮ್ಮ ಇನ್ನೂ ವಾಪಸ್ ಕೊಟ್ಟಿಲ್ಲ, ಪಿಡಿಎಫಿಗೆ ಅಂತ ಹತ್ತಿಂಚಿನದ್ದು ಇನ್ನೊಂದು ನೋಡ್ತಿದೀನಿ.