ಆಮದು-ರಫ್ತು ಕಲಿಸುವ ಹುಬ್ಬಳ್ಳಿಯ ಒಂದು ವಾರಾಂತ್ಯ ತರಬೇತಿ

ಬಿ.ಕಾಂ. ಮತ್ತು ಎಂ.ಬಿ.ಎ. ವಿದ್ಯಾರ್ಥಿಗಳಿಗಾಗಿ ಹುಬ್ಬಳ್ಳಿಯ ಖಾಸಗಿ ಸಂಸ್ಥೆಯೊಂದು ವಾರಾಂತ್ಯದಲ್ಲಿ ನಡೆಸುವ ಆಮದು-ರಫ್ತು ತರಬೇತಿಯನ್ನು ನಾನು ಈಚೆಗೆ ಮುಗಿಸಿದೆ. ಪದವಿ ತರಗತಿಯಲ್ಲಿ ವ್ಯಾಖ್ಯೆಗಳಾಗಿ ಓದಿ ಮರೆಯುವ ಅಂತರರಾಷ್ಟ್ರೀಯ ವ್ಯಾಪಾರವನ್ನು ಇಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಒಂದು ಕಂಟೇನರ್ ಸಾಗಿಸುವ ಕೆಲಸವಾಗಿ ಕಲಿಸುತ್ತಾರೆ.

2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಈ ಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಹೆಸರು. ಇಡೀ ಕಾಯಿಗೂ ಪುಡಿಗೂ ಎಚ್‌ಎಸ್ ಕೋಡ್ (ಸರಕಿನ ವರ್ಗ ಸೂಚಿಸುವ ಅಂತರರಾಷ್ಟ್ರೀಯ ಸಂಖ್ಯೆ) ಬೇರೆ, ರಫ್ತಿಗೆ ಆಮದು-ರಫ್ತುದಾರರಿಗೆ ಸರ್ಕಾರ ಕೊಡುವ ಐಇಸಿ ಸಂಖ್ಯೆಯ ಜೊತೆಗೆ ಸಾಂಬಾರ ಮಂಡಳಿಯ ನೋಂದಣಿಯೂ ಬೇಕು ಎಂಬುದನ್ನೆಲ್ಲ ಅರ್ಜಿ ತುಂಬಿಸಿಯೇ ತಿಳಿಸಿದರು.

ನನಗೆ ಬಹಳ ಉಪಯೋಗವಾದದ್ದು, ಕಾಗದಪತ್ರ ಸರಿಯಿದ್ದರೆ ಹಣ ಕೊಡುತ್ತೇನೆಂದು ಕೊಳ್ಳುವವನ ಬ್ಯಾಂಕು ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್‌ನ ಪಾಠ. ಎಲ್‌ಸಿಯಲ್ಲಿ 'ತೊಟ್ಟು ತೆಗೆದ ಒಣ ಮೆಣಸಿನಕಾಯಿ' ಎಂದಿದ್ದು, ಇನ್‌ವಾಯ್ಸ್‌ನಲ್ಲಿ ಬರೀ 'ಒಣ ಮೆಣಸಿನಕಾಯಿ' ಎಂದು ಬರೆದಿದ್ದ ಕಾಗದಗಳನ್ನು ನಮ್ಮ ಮುಂದಿಟ್ಟು ದೋಷ ಹುಡುಕಲು ಹೇಳಿದರು. ಬ್ಯಾಂಕು ನೋಡುವುದು ಕಾಗದಪತ್ರವನ್ನೇ ಹೊರತು ಸರಕನ್ನಲ್ಲ. ಆದ್ದರಿಂದ ಮಾಲು ಎಷ್ಟೇ ಚೆನ್ನಾಗಿದ್ದರೂ ಇಷ್ಟು ವ್ಯತ್ಯಾಸಕ್ಕೇ ಹಣ ತಡೆಹಿಡಿಯಬಹುದು. ಇನ್‌ಕೋಟರ್ಮ್ಸ್ 2020ರ, ಮಾರುವವನ ಮತ್ತು ಕೊಳ್ಳುವವನ ಹೊಣೆ ಹಂಚುವ ಹನ್ನೊಂದು ನಿಯಮಗಳಲ್ಲಿ ಸಿಐಎಫ್ (ಸರಕಿನ ಬೆಲೆ, ವಿಮೆ, ಸಾಗಣೆ ಸೇರಿದ ದರ) ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗಿದ್ದ ತಪ್ಪು ಕಲ್ಪನೆಯೂ ಇಲ್ಲಿಯೇ ಹೋಯಿತು: ಹಡಗಿನ ಬಾಡಿಗೆ, ವಿಮೆ ಮಾರುವವನದಾದರೂ, ಸರಕು ಹಡಗೇರಿದ ಕೂಡಲೇ ನಷ್ಟದ ಹೊಣೆ ಕೊಳ್ಳುವವನಿಗೆ ದಾಟುತ್ತದೆ. ಪಾಠ ಹೇಳಿದವರು ಮಂಗಳೂರಿನ ಬಂದರಿನಲ್ಲಿ ಕಸ್ಟಮ್ಸ್ ಕೆಲಸ ಮಾಡಿ ಬಂದವರಾದ್ದರಿಂದ ಯಾವ ಪ್ರಶ್ನೆಗೂ ತಡವರಿಸಲಿಲ್ಲ.

ಇಂಗ್ಲಿಷ್ ಪತ್ರವ್ಯವಹಾರದ ತರಗತಿಗಳು ಮಾತ್ರ ನಿರಾಸೆ ತಂದವು. ಸಿದ್ಧ ಮಾದರಿಗಳನ್ನು ನಕಲು ಮಾಡಿಸಿದರೇ ವಿನಾ, ದರ ಇಳಿಸುವಂತೆ ಪಟ್ಟು ಹಿಡಿಯುವ ಖರೀದಿದಾರನಿಗೆ ಹೇಗೆ ಉತ್ತರಿಸಬೇಕೆಂಬುದನ್ನು ಅಭ್ಯಾಸ ಮಾಡಿಸಲಿಲ್ಲ. ಧಾರವಾಡ, ಗದಗ, ಹಾವೇರಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬರುವ ಹುಡುಗ ಹುಡುಗಿಯರಿಗೆ ಅಳುಕಿರುವುದೇ ಈ ಜಾಗದಲ್ಲಿ, ಬುದ್ಧಿಗೇನೂ ಕೊರತೆಯಿಲ್ಲ. ವಿದೇಶಿ ವಿನಿಮಯ ದರದ ಏರಿಳಿತವನ್ನು ಒಂದೇ ತರಗತಿಯಲ್ಲಿ ಮುಗಿಸಿದ್ದೂ ಸರಿಯಲ್ಲ. ರೈಲಿನಲ್ಲಿ ಹೋಗಿಬರಬಹುದಾದ ಬ್ಯಾಡಗಿಯ ಎಪಿಎಂಸಿಗೆ ಒಮ್ಮೆಯೂ ಕರೆದೊಯ್ಯದೆ, ಮೆಣಸಿನಕಾಯಿಯಲ್ಲಿ ಕಡ್ಡಿ ತಳಿ ಯಾವುದು, ಡಬ್ಬಿ ತಳಿ ಯಾವುದು ಎಂಬುದನ್ನು ಚಿತ್ರದಲ್ಲಿ ತೋರಿಸಿದ್ದಂತೂ ನನಗೆ ಒಪ್ಪಿಗೆಯಾಗಲಿಲ್ಲ.

ಶುಲ್ಕ ಮಧ್ಯಮ ವರ್ಗದ ಮನೆಗೆ ಹೊರೆಯೇ. ದಾಖಲೆ ವಿಭಾಗದಲ್ಲಿ ಕೆಲಸ ಹುಡುಕುವವರು ಧೈರ್ಯವಾಗಿ ಸೇರಬಹುದು. ಮಾರಾಟ ವಿಭಾಗಕ್ಕೆ ಹೋಗಬಯಸುವವರು ಹಣ ಕಟ್ಟುವ ಮೊದಲು ಪತ್ರವ್ಯವಹಾರದ ಒಂದು ತರಗತಿಯಲ್ಲಿ ಕುಳಿತು ನೋಡುವುದು ಒಳ್ಳೆಯದು.