ಶೆಟ್ಟಿಹಳ್ಳಿ ಚರ್ಚ್ ಟೂರ್: ದುಡ್ಡು ಕಟ್ಟುವ ಮುಂಚೆ

ಬೆಂಗಳೂರಿನಿಂದ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಒಂದು ದಿನದ ಪ್ಯಾಕೇಜ್ ಬುಕ್ ಮಾಡುವವರು ಮೊದಲು ಕೇಳಬೇಕಾದ್ದು ಹೇಮಾವತಿ ಹಿನ್ನೀರಿನ ಮಟ್ಟ. ಜಾಹೀರಾತಿನಲ್ಲಿ ಅರ್ಧ ಮುಳುಗಿದ ಚರ್ಚ್ ತೋರಿಸಿ ಮಾರ್ಚ್‌ನಲ್ಲಿ ಕರೆದೊಯ್ದರೆ ಸಿಗುವುದು ಬಿರುಕು ಬಿಟ್ಟ ಒಣನೆಲ. ಆ ದೃಶ್ಯ ಬೇಕಿದ್ದರೆ ಮಳೆ ಚೆನ್ನಾಗಿ ಆದ ವರ್ಷ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೋಗಿ. ಕಟ್ಟಡ ನೋಡುವುದಿದ್ದರೆ ಬೇಸಿಗೆಯೇ ವಾಸಿ, ಒಳಗೆ ಕಾಲಿಡಬಹುದು.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚ್ ಇದು. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟಿನಿಂದ ಊರು ಖಾಲಿಯಾಯಿತು, ಚರ್ಚ್ ಉಳಿಯಿತು. ಗೈಡ್‌ಗಳು ಬೆಲ್ಲ, ಮೊಟ್ಟೆ ಕಲಸಿದ ಗಾರೆಯ ಕತೆಗೇ ಕಾಲು ಗಂಟೆ ಕೊಡುತ್ತಾರೆ. ಗೋಡೆ ಯಾಕೆ ಕುಸಿಯುತ್ತಿದೆ ಅಂತ ಹೇಳುವವರು ಕಡಿಮೆ. ಚಾವಣಿ ಇಲ್ಲ, ಹಾಗಾಗಿ ಮಳೆ ಗೋಡೆಯ ನೆತ್ತಿಯಿಂದಲೇ ಇಳಿಯುತ್ತದೆ. ಪ್ರತಿ ವರ್ಷ ಬುಡ ನೆನೆದು ಒಣಗುವಾಗ ಸುಣ್ಣದ ಗಾರೆ ಕರಗಿ ಸಂದುಗಳು ಟೊಳ್ಳಾಗುತ್ತವೆ, ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ. ನೀರು ನಿಲ್ಲುವ ಎತ್ತರದ ಗೆರೆ ಕಂಬಗಳ ಮೇಲೆ ಸ್ಪಷ್ಟ. ಅದರ ಕೆಳಗೆ ಬೆರಳಾಡಿಸಿದರೆ ಪುಡಿ ಅಂಟುತ್ತದೆ. ಕಮಾನಿನಡಿ ಸೆಲ್ಫಿಗೆ ನಿಲ್ಲಲೇಬೇಡಿ.

ಹಾಸನದವರೆಗೆ ಸುಮಾರು 185 ಕಿ.ಮೀ., ಅಲ್ಲಿಂದ ಮುಂದೆ 20 ಚಿಲ್ಲರೆ. ಬೆಳಿಗ್ಗೆ 5ಕ್ಕೆ ಹೊರಡದ ಗಾಡಿ ನೆಲಮಂಗಲ ದಾಟುವಷ್ಟರಲ್ಲೇ ತಡ. ಬೇಲೂರು, ಹಳೇಬೀಡು ಎರಡನ್ನೂ ಅದೇ ದಿನಕ್ಕೆ ತುರುಕಿದ ಪ್ಯಾಕೇಜ್ ಬಿಡಿ, ಇಲ್ಲಿಗೆ 20 ನಿಮಿಷ ಸಿಕ್ಕರೆ ಹೆಚ್ಚು. ನೀರು, ಟೋಪಿ, ಹಿಡಿತವಿರುವ ಚಪ್ಪಲಿ ಜತೆಗಿರಲಿ. ನೀರು ಇಳಿದ ಹೊಸತರಲ್ಲಿ ಮೇಲೆ ಒಣಗಿದಂತೆ ಕಾಣುವ ಕೆಸರಿನಲ್ಲಿ ಕಾಲು ಮೊಣಕಾಲುದ್ದ ಹೂತುಕೊಳ್ಳುತ್ತದೆ.