ಕಾಲಿಗೆಂದು ಮಾರುವ ಪೆಡಲ್ ಯಂತ್ರ ಕೈಗೆ ಎಷ್ಟು ಒದಗುತ್ತದೆ?

ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಸಾಮಾನ್ಯವಾಗಿ ಸೋಫಾ ಮೇಲೆ ಕೂತು ಕಾಲಾಡಿಸುವ ಹಿರಿಯರೊಬ್ಬರು ಇರುತ್ತಾರೆ. ಆದರೆ ಈ ಪುಟ್ಟ ಪೆಡಲ್ ಯಂತ್ರದಿಂದ ನಿಜವಾಗಿ ಹೆಚ್ಚು ಪ್ರಯೋಜನ ಇರುವುದು ವೀಲ್‌ಚೇರ್‌ನಲ್ಲಿ ಓಡಾಡುವವರಿಗೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲಿನ ಶಕ್ತಿ ಹೋದವರು ಉಸಿರು ಏರುವಷ್ಟು ವ್ಯಾಯಾಮ ಮಾಡಬೇಕೆಂದರೆ ಕೈಗಳನ್ನೇ ನಂಬಬೇಕು. ಆಸ್ಪತ್ರೆಗಳಲ್ಲಿರುವ, ಕೈಯಿಂದ ಪೆಡಲ್ ತಿರುಗಿಸುವ ಆರ್ಮ್ ಎರ್ಗೋಮೀಟರ್ ಮನೆಗೆ ತರುವ ಬೆಲೆಯದ್ದಲ್ಲ. ಈ ಪುಟ್ಟ ಯಂತ್ರ ಹೆಚ್ಚುಕಮ್ಮಿ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿಗೆ ಸಿಗುತ್ತದೆ. ಕಾಸಿಗೆ ತಕ್ಕ ಕಜ್ಜಾಯ ಹೌದು. ಆದರೂ ಮೇಜಿಗೆ ಸರಿಯಾಗಿ ಬಿಗಿದರೆ ಚೆನ್ನಾಗಿಯೇ ಕೆಲಸ ಕೊಡುತ್ತದೆ. ಬಿಗಿಯದಿದ್ದರೆ ವಾರದೊಳಗೆ ಮಂಚದ ಕೆಳಗೆ ಸೇರುತ್ತದೆ.

ಕೊಳ್ಳುವಾಗ ಮಡಚುವ ಮಾದರಿ ಬೇಡ. ಕೈಯಲ್ಲಿ ತಿರುಗಿಸುವಾಗ ಆ ಕೀಲುಗಳೇ ಮೊದಲು ಅಲುಗಾಡುತ್ತವೆ. ಅಗ್ಗದ ಯಂತ್ರಗಳ ದೊಡ್ಡ ದೌರ್ಬಲ್ಯ ಬಿಗಿ ಹೆಚ್ಚುಕಡಿಮೆ ಮಾಡುವ ನಡುವಿನ ನಾಬ್. ಅದನ್ನು ತಿರುಗಿಸಿದರೆ ಒಳಗಿನ ಪಟ್ಟಿಯೊಂದು ಶಾಫ್ಟನ್ನು ಅಮುಕಿ ಹಿಡಿಯುತ್ತದೆ, ಅಷ್ಟೇ. ಉಜ್ಜಿ ಉಜ್ಜಿ ಬಿಸಿಯಾಗಿ, ಹತ್ತು ಹದಿನೈದು ನಿಮಿಷದಲ್ಲಿ ಬಿಗಿ ಬದಲಾಗುತ್ತದೆ. ನಿನ್ನೆಯ ಎರಡು ಸುತ್ತು ಬಿಗಿಗೂ ಇಂದಿನದ್ದಕ್ಕೂ ತಾಳೆ ಇರುವುದಿಲ್ಲ. ಕಿರಗುಟ್ಟಿತೆಂದು ಅಲ್ಲಿಗೆ ಎಣ್ಣೆ ಬಿಟ್ಟರೆ ಇದ್ದ ಬಿಗಿಯೂ ಹೋಯಿತು. ಆ ಬಿಸಿಯ ಭಾಗ ಸ್ಪರ್ಶ ತಿಳಿಯದ ಕಾಲಿಗೆ ತಗುಲಿದರೆ ಚರ್ಮ ಸುಟ್ಟರೂ ಗೊತ್ತಾಗದು, ಹಾಗಾಗಿ ಮುಗಿದ ಕೂಡಲೇ ತೊಡೆಯ ಮೇಲೆ ಇಟ್ಟುಕೊಳ್ಳಬಾರದು. ಅಯಸ್ಕಾಂತದಿಂದ ಬಿಗಿ ಕೊಡುವ ಮಾದರಿಯಲ್ಲಿ ಈ ರಗಳೆ ಇಲ್ಲ. ಬೆಲೆ ಎರಡು ಮೂರು ಪಟ್ಟು, ತೂಕವೂ ಹೆಚ್ಚು, ಆದರೆ ತೂಕ ಇಲ್ಲಿ ಒಳ್ಳೆಯದೇ. ವಾರಕ್ಕೆ ಮೂರು ದಿನ ಬಳಸುವುದು ಖಚಿತವಿದ್ದರೆ ಅದನ್ನೇ ತೆಗೆದುಕೊಳ್ಳಿ.

ಇನ್ನು ಬಿಗಿಯುವ ಕೆಲಸ. ಯಂತ್ರದ ಜೊತೆ ಬರುವ ರಬ್ಬರ್ ಕಾಲುಗಳು ಮೇಜಿನ ಮೇಲೆ ನಿಲ್ಲುವುದಿಲ್ಲ, ನಾಲ್ಕು ಸುತ್ತಿಗೆ ಯಂತ್ರ ಎದುರಿನ ಗೋಡೆಯತ್ತ ಹೊರಡುತ್ತದೆ. ಮುಕ್ಕಾಲು ಇಂಚಿನ ಪ್ಲೈವುಡ್ಡನ್ನು ಎರಡಡಿ ಉದ್ದ, ಒಂದೂವರೆ ಅಡಿ ಅಗಲಕ್ಕೆ ಕೊಯ್ಯಿಸಿ. ಪ್ಲಂಬರ್‌ಗಳು ಗೋಡೆಗೆ ಪೈಪು ಕೂರಿಸುವ ಕಬ್ಬಿಣದ ಸ್ಯಾಡಲ್ ಕ್ಲಾಂಪ್ ನಾಲ್ಕು ತಂದು, ಯಂತ್ರದ ಅಡ್ಡ ಪೈಪುಗಳನ್ನು ಹಲಗೆಗೆ ಸ್ಕ್ರೂ ಹಾಕಿ ಕೂರಿಸಿ. ಹಲಗೆಯನ್ನು ಮೇಜಿನ ಅಂಚಿಗೆ ಎರಡು ನಾಲ್ಕಿಂಚಿನ ಸಿ-ಕ್ಲಾಂಪ್‌ಗಳಿಂದ ಹಿಡಿಸಿ. ಬೇಡವೆನಿಸಿದಾಗ ಕ್ಲಾಂಪ್ ಬಿಚ್ಚಿದರೆ ಊಟದ ಮೇಜು ಮತ್ತೆ ಊಟದ ಮೇಜೇ.

ಎತ್ತರ ತಪ್ಪಿದರೆ ಭುಜ ಕೆಡುತ್ತದೆ. ಪೆಡಲ್ ತಿರುಗುವ ನಡುಬಿಂದು ಭುಜದ ಮಟ್ಟದಲ್ಲಿ, ಇಲ್ಲವೇ ಅದಕ್ಕಿಂತ ತುಸು ಕೆಳಗೆ ಇರಬೇಕು. ಮೇಲಿದ್ದರೆ ಪ್ರತಿ ಸುತ್ತಿಗೂ ಭುಜದೊಳಗಿನ ಸ್ನಾಯುರಜ್ಜು ಮೂಳೆಗಳ ನಡುವೆ ಒತ್ತಿಹೋಗುತ್ತದೆ. ಎರಡೂವರೆ ಅಡಿಯ ಓದುವ ಮೇಜು ಬಹಳ ಮಂದಿಗೆ ಸರಿಹೊಂದುತ್ತದೆ. ಅಡುಗೆಮನೆಯ ಕಟ್ಟೆ ಹೊಂದುವುದಿಲ್ಲ: ಅದು ಎತ್ತರ, ಮೇಲಾಗಿ ಮೊಣಕಾಲು ತೂರಿಸಲು ಜಾಗವಿಲ್ಲ. ಪೆಡಲ್ ಅತಿ ದೂರ ಹೋದಾಗಲೂ ಮೊಣಕೈ ಸ್ವಲ್ಪ ಬಾಗಿರಬೇಕು. ವೀಲ್‌ಚೇರ್‌ನ ಎರಡೂ ಬ್ರೇಕ್ ಹಾಕಿ, ಹಿಂದಿನ ಚಕ್ರ ಗೋಡೆಗೆ ತಾಗುವಂತೆ ನಿಲ್ಲಿಸಿ. ಅದರ ಕೈ ಆಸರೆ ಕಳಚುವಂತಿದ್ದರೆ ಕಳಚಿಡಿ, ಇಲ್ಲದಿದ್ದರೆ ಮೊಣಕೈ ಬಡಿಯುತ್ತಲೇ ಇರುತ್ತದೆ. ಸೊಂಟದ ಮೇಲಿನ ಮೈ ನೆಟ್ಟಗೆ ನಿಲ್ಲದವರಿಗೆ ಎದೆಯ ಸುತ್ತ ಅಗಲವಾದ ಬೆಲ್ಟ್ ಬೇಕು.

ಕಾಲಿನ ಪೆಡಲ್ ಅಂಗೈಗೆ ಹೇಳಿ ಮಾಡಿಸಿದ್ದಲ್ಲ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಜಾರುವುದು ನಿಲ್ಲುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾಗಿ ಬೆರಳಿನ ಹಿಡಿತ ಇಲ್ಲದವರು ಕ್ರೇಪ್ ಬ್ಯಾಂಡೇಜಿನಿಂದ ಕೈಯನ್ನು ಪೆಡಲಿಗೆ ಕಟ್ಟಬೇಕಾಗುತ್ತದೆ. ಇಲ್ಲಿ ಮನೆಯವರು ಮಾಡುವ ತಪ್ಪೊಂದಿದೆ: ಬೆರಳುಗಳನ್ನು ಪೂರ್ತಿ ಬಿಡಿಸಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಕಟ್ಟುವುದು. ಸಿ-6, ಅಂದರೆ ಕುತ್ತಿಗೆಯ ಆರನೇ ಹುರಿಭಾಗದ ಮಟ್ಟದ ಪೆಟ್ಟಿನವರು ಮಣಿಕಟ್ಟು ಎತ್ತಿದಾಗ ಬೆರಳುಗಳು ತಾವಾಗಿ ಮಡಚುವುದರಿಂದಲೇ ಲೋಟ ಹಿಡಿಯುತ್ತಾರೆ. ಬೆರಳಿನ ಆ ಬಿಗುವನ್ನು ಎಳೆದೆಳೆದು ಸಡಿಲಿಸಿದರೆ ಆ ಹಿಡಿತವೂ ಕಳೆದುಹೋಗುತ್ತದೆ. ಬೆರಳು ಮಡಚಿಯೇ ಇರಲಿ. ಬಿಚ್ಚಿದ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ನೋಡಿ.

ಎಷ್ಟು ಹೊತ್ತು? ಬೆನ್ನುಹುರಿ ಪೆಟ್ಟಿನ ವಯಸ್ಕರಿಗಾಗಿ 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ದೇಹಶಕ್ತಿಗಾಗಿ ವಾರಕ್ಕೆ 2 ಸಲ ಕನಿಷ್ಠ 20 ನಿಮಿಷ, ಹೃದಯದ ಆರೋಗ್ಯ ಮತ್ತು ರಕ್ತದ ಸಕ್ಕರೆಯ ಹತೋಟಿಗಾಗಿ ವಾರಕ್ಕೆ 3 ಸಲ 30 ನಿಮಿಷ ಎನ್ನುತ್ತದೆ. ಮೊದಲ ದಿನವೇ ಅಷ್ಟು ಬೇಡ. ಬಿಗಿಯಿಲ್ಲದೆ 2 ನಿಮಿಷ ತಿರುಗಿಸಿ, ಆಮೇಲೆ 2 ನಿಮಿಷ ಕೆಲಸ, 1 ನಿಮಿಷ ವಿರಾಮ, ಹೀಗೆ ಐದು ಸಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ. ಕೈಗಡಿಯಾರದ ನಾಡಿ ಲೆಕ್ಕ ನಂಬಬೇಡಿ: ಟಿ-6 (ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟ) ಅಥವಾ ಅದಕ್ಕೂ ಮೇಲೆ ಪೆಟ್ಟಾದವರಲ್ಲಿ ಎಷ್ಟೇ ದಣಿದರೂ ನಾಡಿ ಇತರರಷ್ಟು ಏರದಿರಬಹುದು. ವೀಲ್‌ಚೇರ್ ತಳ್ಳುವವರಿಗೆ ಎದೆಯ ಸ್ನಾಯು ಹೇಗೂ ಬಿಗಿದಿರುತ್ತದೆ, ಆದ್ದರಿಂದ ಸ್ವಲ್ಪ ಹೊತ್ತು ಹಿಮ್ಮುಖವಾಗಿಯೂ ತಿರುಗಿಸಿ, ಕೊನೆಗೆ ಕಿಟಕಿ ಸರಳಿಗೆ ಥೆರಾಬ್ಯಾಂಡ್ (ವ್ಯಾಯಾಮದ ರಬ್ಬರ್ ಪಟ್ಟಿ) ಸಿಕ್ಕಿಸಿ ಹಿಂದಕ್ಕೆ ಎಳೆಯುವುದು ಹತ್ತತ್ತು ಸಲ. ಹಿಮ್ಮುಖ ತಿರುಗಿಸಿದರೆ ಪೆಡಲ್ ಸಡಿಲಾಗಬಹುದು. ವಾರಕ್ಕೊಮ್ಮೆ ಸ್ಪ್ಯಾನರ್ ಹಾಕಿ, ಎಡ ಪೆಡಲಿನ ತಿರುಪು ಉಲ್ಟಾ ಎಂಬುದು ನೆನಪಿರಲಿ.

ಪೋಲಿಯೊ ಆದವರ ಲೆಕ್ಕವೇ ಬೇರೆ. ವರ್ಷಗಟ್ಟಲೆ ಊರುಗೋಲು ಹಿಡಿದ ಭುಜಕ್ಕೆ ಇನ್ನಷ್ಟು ಭಾರ ಬೇಡ. ಮರುದಿನವೂ ಸುಸ್ತು ಉಳಿದರೆ ಹಿಂದಿನ ದಿನ ಹೆಚ್ಚಾಯಿತೆಂದೇ ಅರ್ಥ.

ಶುರು ಮಾಡುವ ಮುನ್ನ ಮೂತ್ರಕೋಶ ಖಾಲಿಯಿರಲಿ, ಕ್ಯಾಥೆಟರ್ ನಳಿಕೆ ಎಲ್ಲೂ ಮಡಚಿಕೊಂಡಿರಬಾರದು. ಟಿ-6 ಅಥವಾ ಅದಕ್ಕೂ ಮೇಲಿನ ಪೆಟ್ಟಿನವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯತೊಡಗಿ, ಮುಖ ಕೆಂಪೇರಿ ಬೆವರಿದರೆ ಅದು ದಣಿವಲ್ಲ, ರಕ್ತದೊತ್ತಡ ಜಿಗಿಯುವ ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ. ನಿಲ್ಲಿಸಿ, ಮಲಗಿಸದೆ ನೆಟ್ಟಗೆ ಕೂರಿಸಿ, ಬೆಲ್ಟು ಬಟ್ಟೆ ಸಡಿಲಿಸಿ, ನಳಿಕೆ ನೋಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ಪೆಟ್ಟಿನ ಕೆಳಗೆ ಬೆವರು ಸರಿಯಾಗಿ ಬರದ ಕಾರಣ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ವಾಸಿ. ಫ್ಯಾನು, ಪಕ್ಕದಲ್ಲಿ ನೀರು ಚಿಮುಕಿಸುವ ಬಾಟಲಿ ಇರಲಿ. ಕುಶನ್ ಇಲ್ಲದೆ ಕೂರಬೇಡಿ, ಪ್ರತಿ ವಿರಾಮಕ್ಕೂ ಮುಂದಕ್ಕೆ ಬಾಗಿ ಪೃಷ್ಠದ ಮೇಲಿನ ಭಾರ ಇಳಿಸಿ.

ಕಾಲಿಗೆ ಬಳಸುವ ಪಾರ್ಶ್ವವಾಯು ಪೀಡಿತರಿಗೆ ಇದು ಅರ್ಧ ಅಂಕದ ಯಂತ್ರ: ಹಿಮ್ಮಡಿಗೆ ಆಸರೆ ಇಲ್ಲದೆ ಪಾದ ಜಾರುತ್ತದೆ, ಮೊಣಕಾಲು ಹೊರಕ್ಕೆ ವಾಲುತ್ತದೆ. ಪರದೆಯ ಕ್ಯಾಲೊರಿ ಅಂಕಿ ಬರೀ ಸುತ್ತಿನ ಲೆಕ್ಕ, ನಾಬ್ ಎಷ್ಟು ಬಿಗಿಯಿದೆ ಎಂಬುದು ಅದಕ್ಕೆ ತಿಳಿಯದು. ಆನ್‌ಲೈನಿನಲ್ಲಿ ತರಿಸಿದರೆ ಹಲಗೆಗೆ ಸ್ಕ್ರೂ ಹಾಕುವ ಮೊದಲು ನೆಲದ ಮೇಲಿಟ್ಟು ಹತ್ತು ನಿಮಿಷ ಕೈಯಲ್ಲಿ ತಿರುಗಿಸಿ ನೋಡಿ. ಶಾಫ್ಟ್ ವಾಲಾಡಿದರೆ ಅಂದೇ ವಾಪಸ್ ಕಳಿಸಿ.